ಮಗ್ಗದ ಸದ್ದು, ಹೆಡ್‌ಸೆಟ್ ಸದ್ದು

ಹಗಲು ಆಫೀಸ್ ಕಾಲ್, ರಾತ್ರಿ ಗೇಮು, ಎರಡಕ್ಕೂ ಆಗೋ ವೈರ್‌ಲೆಸ್ ಹೆಡ್‌ಸೆಟ್ ಹುಡುಕ್ತಿದ್ದೆ. ಬಿನ್ನಿಪೇಟೆಯ ನಮ್ಮ ಓನರ್ ತಾತ, "ಅದ್ಯಾಕಪ್ಪಾ ಕಿವಿಗೆ?" ಅಂತ ಕೂಗಿದ್ರು. ತಾತ ಮಾತಾಡೋದೇ ಹಾಗೆ. ಮೂವತ್ತು ವರ್ಷ ಪವರ್‌ಲೂಮ್ ಓಡಿಸಿ ಕಿವಿ ಮಂದವಾಗಿದೆ.

ನಮ್ಮ ಪೇಟೆಗೆ ಹೆಸರು ಬಂದಿದ್ದೇ ಬಟ್ಟೆ ಗಿರಣಿಯಿಂದ. 1884ರಲ್ಲಿ ಶುರುವಾದ ಗಿರಣಿ ಆಮೇಲೆ ಮದ್ರಾಸಿನ ಬಿನ್ನಿ ಕಂಪನಿಯ ಕೈಗೆ ಬಂತು. ಈಗ ಅಲ್ಲಿ ಅಪಾರ್ಟ್‌ಮೆಂಟು. ಮಗ್ಗದ ಶೆಡ್‌ನಲ್ಲಿ 90 ಡೆಸಿಬಲ್ ದಾಟೋದು ಮಾಮೂಲು. ಇಂಗ್ಲೆಂಡಿನ ಲ್ಯಾಂಕಷೈರ್ ಗಿರಣಿಗಳ ಹೆಂಗಸರು ತುಟಿ ನೋಡಿಯೇ ಮಾತು ತಿಳ್ಕೊಳ್ತಿದ್ರು.

ಹೆಡ್‌ಫೋನ್ ಕೂಡ ಹುಟ್ಟಿದ್ದು ಶೋಕಿಗಲ್ಲ, ಕೆಲಸಕ್ಕೆ. 1910ರಲ್ಲಿ ನಥಾನಿಯಲ್ ಬಾಲ್ಡ್‌ವಿನ್ ಅಡುಗೆಮನೆಯಲ್ಲಿ ಮಾಡಿದ್ದನ್ನು ಅಮೆರಿಕದ ನೌಕಾಪಡೆ ಕೊಂಡಿತು. 1942ರಲ್ಲಿ ನಟಿ ಹೆಡಿ ಲಮಾರ್, ಸಂಗೀತಗಾರ ಜಾರ್ಜ್ ಆಂಥೈಲ್ ಜೊತೆ, ತರಂಗಾಂತರ ಜಿಗಿಸುತ್ತಾ ಸಂಕೇತ ಕಳಿಸೋ ಉಪಾಯಕ್ಕೆ ಪೇಟೆಂಟ್ ಪಡೆದಳು. ಬ್ಲೂಟೂತ್ ಕೂಡ ಹೀಗೇ ಸೆಕೆಂಡಿಗೆ 1600 ಸಲ ಜಿಗಿಯುತ್ತೆ.

ಆದರೂ ಗೇಮಿಗೆ ಬ್ಲೂಟೂತ್ ಸಾಲದು. ಸದ್ದು 100–200 ಮಿಲಿಸೆಕೆಂಡ್ ತಡವಾದ್ರೆ, ಗುಂಡಿನ ಸದ್ದು ಕೇಳೋಷ್ಟರಲ್ಲಿ ನಾವು ಸತ್ತಿರ್ತೀವಿ. ಅದಕ್ಕೇ 2.4 ಗಿಗಾಹರ್ಟ್ಸ್ ಡಾಂಗಲ್ ಇರೋದು ತಗೊಂಡೆ, ಫೋನಿಗೆ ಬ್ಲೂಟೂತೂ ಇದೆ. ಹಗುರ, ಮೈಕ್ ಬಿಚ್ಚಬಹುದು.

ಬಾಕ್ಸ್ ಮೇಲೆ ಬರೆಯದ ಲೆಕ್ಕ ಒಂದಿದೆ. ವಿಶ್ವ ಆರೋಗ್ಯ ಸಂಸ್ಥೆ ಪ್ರಕಾರ 80 ಡೆಸಿಬಲ್ ಆದ್ರೆ ವಾರಕ್ಕೆ 40 ಗಂಟೆ ಕೇಳಬಹುದು. ಸದ್ದು ಏರಿದಷ್ಟೂ ಗಂಟೆ ಇಳಿಯಬೇಕು. ನನ್ನ ಕಾಲ್, ಗೇಮು ಕೂಡಿದ್ರೆ 40 ದಾಟುತ್ತೆ. ತಾತನಿಗೆ ಸದ್ದು ತಗ್ಗಿಸೋ ಬಟನ್ ಇರಲಿಲ್ಲ. ನನಗಿದೆ.