ಕಡ್ಲೆಗೆ ಕಾಯಿಲೆ ಬಂದಾಗ

ನಮ್ಮ ಮನೆಯ ಗಿನಿಪಿಗ್ ಹೆಸರು ಕಡ್ಲೆ. ಹುರಿದ ಕಡ್ಲೆಬೀಜದ ಬಣ್ಣ ಇದ್ದದ್ದರಿಂದ ಮಗಳು ಇಟ್ಟ ಹೆಸರು. ನನ್ನ ಅಮ್ಮನ ಪಾಲಿಗೆ ಮಾತ್ರ ಅದು ಇವತ್ತಿಗೂ ‘ಆ ಇಲಿ’. ಫ್ರಿಜ್ಜಿನ ಬಾಗಿಲು ತೆರೆದ ಸದ್ದಾದರೆ ಸಾಕು, ಹಾಲ್‌ನ ಮೂಲೆಯಲ್ಲಿರುವ ಅದರ ಪೆಟ್ಟಿಗೆಯಿಂದ ಕುಯ್ ಕುಯ್ ಎಂದು ಇಡೀ ಮನೆ ಎದ್ದು ಕೂರುವಂತೆ ಕೂಗುತ್ತಿತ್ತು. ಕಳೆದ ವರ್ಷ ಕಾರ್ತಿಕ ಮಾಸದ ಒಂದು ಸಂಜೆ ನಾನು ಫ್ರಿಜ್ ತೆರೆದೆ, ಕೂಗು ಬರಲಿಲ್ಲ. ಹೋಗಿ ನೋಡಿದರೆ ಮೈಮೇಲಿನ ಕೂದಲೆಲ್ಲ ನಿಮಿರಿಸಿಕೊಂಡು, ಉಂಡೆಯಾಗಿ, ಗೋಡೆಗೆ ಮುಖ ಮಾಡಿ ಕೂತಿತ್ತು. ಸೌತೆಕಾಯಿ ಹೋಳು ಮುಂದೆ ಹಿಡಿದರೆ ಮೂಸಿ ಮುಖ ತಿರುಗಿಸಿತು. ಎರಡು ಹೆಜ್ಜೆ ನಡೆಸಲು ನೋಡಿದರೆ ಹಿಂಗಾಲು ಎಳೆಯುತ್ತಿತ್ತು.

ನಾವಿರುವುದು ತುಮಕೂರಿನಲ್ಲಿ. ಇಲ್ಲಿ ದನಕ್ಕೆ, ಕುರಿಗೆ, ನಾಯಿಗೆ ಡಾಕ್ಟರು ಸಿಗುತ್ತಾರೆ. ಪರಿಚಯದ ಪಶುವೈದ್ಯರೊಬ್ಬರ ಬಳಿ, ರಟ್ಟಿನ ಡಬ್ಬಿಯಲ್ಲಿ ಹಳೇ ಟವೆಲ್ ಹಾಸಿ, ಕಡ್ಲೆಯನ್ನು ಕರೆದುಕೊಂಡು ಹೋದೆವು. ಅವರು ಒಳ್ಳೆಯವರು. ಆ ಹೊತ್ತಿಗೆ ಹಳ್ಳಿಯೊಂದರಲ್ಲಿ ಎಮ್ಮೆಗೆ ಕರು ಹಾಕಿಸಿ ಬಂದು ಇನ್ನೂ ಬೂಟು ಕೂಡ ತೆಗೆದಿರಲಿಲ್ಲ. ಡಬ್ಬಿಯೊಳಗೆ ಇಣುಕಿ, ನಕ್ಕು, ಆಮೇಲೆ ಮಗಳ ಮುಖ ನೋಡಿ ನಗು ನಿಲ್ಲಿಸಿದರು. ‘ಮೇಷ್ಟ್ರೇ, ನಿಜ ಹೇಳ್ತೀನಿ, ಇದನ್ನ ನಾನು ಕಾಲೇಜಿನ ಲ್ಯಾಬಲ್ಲಿ ಬಿಟ್ರೆ ಬೇರೆಲ್ಲೂ ಮುಟ್ಟಿಲ್ಲ. ನಾಯಿಮರಿಗೆ ಕೊಡೋ ಆಂಟಿಬಯೋಟಿಕ್ಕನ್ನೇ ತೂಕ ನೋಡಿ ಕಮ್ಮಿ ಮಾಡಿ ಕೊಡೋಣ’ ಎಂದರು. ತೂಕ ಹಾಕಿದರು: 690 ಗ್ರಾಂ. ಹಿಂದಿನ ತಿಂಗಳು ಅಡುಗೆಮನೆಯ ತಕ್ಕಡಿಯಲ್ಲಿ ಮಗಳು ತೂಗಿದಾಗ 820 ಇತ್ತು. ಚೀಟಿಯಲ್ಲಿ ಅಮಾಕ್ಸಿಸಿಲಿನ್ ಸಿರಪ್ ಎಂದು ಬರೆದರು. ಮೆಡಿಕಲ್ ಸ್ಟೋರಿನಲ್ಲಿ ಸುಲಭವಾಗಿ ಸಿಕ್ಕಿತು.

ಮನೆಗೆ ಬಂದು ಬಾಟಲಿ ಅಲುಗಾಡಿಸುತ್ತಿರುವಾಗ ಏನೋ ಚುಚ್ಚಿದಂತಾಯಿತು. ನಾನು ಪದವಿ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವನು. ಎರಡನೇ ಮಹಾಯುದ್ಧದ ಪಾಠಕ್ಕೆ ಬಂದಾಗ, ಮಕ್ಕಳು ತೂಕಡಿಸದಿರಲಿ ಎಂದು ಪ್ರತಿ ವರ್ಷ ತಪ್ಪದೆ ಹೇಳುವ ಒಂದು ಕಥೆ ಇದೆ. 1940ರ ಮೇ 25, ಶನಿವಾರ, ಆಕ್ಸ್‌ಫರ್ಡ್. ಹೊವಾರ್ಡ್ ಫ್ಲೋರಿ ಮತ್ತು ಜೊತೆಗಾರರು ಎಂಟು ಇಲಿಗಳಿಗೆ ಮಾರಕ ಸ್ಟ್ರೆಪ್ಟೊಕಾಕಸ್ ಚುಚ್ಚಿ, ನಾಲ್ಕಕ್ಕೆ ಮಾತ್ರ ಪೆನಿಸಿಲಿನ್ ಕೊಟ್ಟರು. ನಾರ್ಮನ್ ಹೀಟ್ಲಿ ಎಂಬಾತ ರಾತ್ರಿಯಿಡೀ ಅಲ್ಲೇ ಕೂತು ನೋಡಿದ. ಬೆಳಕು ಹರಿಯುವ ಮುನ್ನವೇ ಔಷಧಿ ಸಿಗದ ನಾಲ್ಕೂ ಸತ್ತಿದ್ದವು, ಸಿಕ್ಕವು ಓಡಾಡುತ್ತಿದ್ದವು. ಡನ್‌ಕರ್ಕ್‌ನಿಂದ ಬ್ರಿಟಿಷ್ ಸೈನ್ಯ ಕಾಲ್ತೆಗೆಯಲು ಸಿದ್ಧವಾಗುತ್ತಿದ್ದ ವಾರ ಅದು. ಇಷ್ಟು ಹೇಳಿ, ಗಂಟೆ ಹೊಡೆಯಲು ಐದು ನಿಮಿಷ ಇದ್ದರೆ ಬಾಲಂಗೋಚಿ ಸೇರಿಸುತ್ತೇನೆ: ಪುಣ್ಯಕ್ಕೆ ಅವರು ಇಲಿ ಬಳಸಿದರು, ಗಿನಿಪಿಗ್ ಬಳಸಿದ್ದರೆ ಪೆನಿಸಿಲಿನ್ ಅಲ್ಲೇ ಮೂಲೆ ಸೇರುತ್ತಿತ್ತೇನೋ. ಏಕೆಂದರೆ 1943ರಲ್ಲಿ ಅಮೆರಿಕದ ಸಂಶೋಧಕರು ಕಂಡುಕೊಂಡಂತೆ ಪೆನಿಸಿಲಿನ್ ಗಿನಿಪಿಗ್‌ಗಳನ್ನು ಕೊಲ್ಲುತ್ತದೆ.

ಹತ್ತಾರು ವರ್ಷ ಹೇಳಿದ ಕಥೆ. ಆದರೆ ಕೈಯಲ್ಲಿರುವ ಗುಲಾಬಿ ಸಿರಪ್ ಅದೇ ಪೆನಿಸಿಲಿನ್ನಿನ ಕುಟುಂಬದ್ದು ಎಂದು ಹೊಳೆಯಲು ನನಗೆ ಅರ್ಧ ಗಂಟೆ ಹಿಡಿಯಿತು. ಹುಲ್ಲು ತಿಂದು ಬದುಕುವ ಈ ಪ್ರಾಣಿಯ ಜೀರ್ಣಕ್ರಿಯೆ ನಡೆಯುವುದೇ ಕರುಳಿನ ಸೂಕ್ಷ್ಮಜೀವಿಗಳಿಂದ. ಪೆನಿಸಿಲಿನ್ ಜಾತಿಯ ಔಷಧಿ ಒಳಗೆ ಹೋದರೆ ಒಳ್ಳೆಯವು ಸತ್ತು, ವಿಷ ಕಕ್ಕುವ ಕ್ಲಾಸ್ಟ್ರಿಡಿಯಂಗಳು ಜಾಗ ಹಿಡಿಯುತ್ತವೆ. ಮಗಳು ಸೂಜಿಯಿಲ್ಲದ ಸಿರಿಂಜು ಹಿಡಿದು ಪಕ್ಕದಲ್ಲೇ ನಿಂತಿದ್ದಳು. ‘ಯಾಕಪ್ಪ, ಹಾಕಲ್ವಾ?’ ಎಂದಳು.

ಡಾಕ್ಟರಿಗೆ ಫೋನ್ ಮಾಡಿದೆ. ಓದಿದ ಮೇಷ್ಟರ ಜಂಭ ಅಂದುಕೊಂಡಾರು ಎಂಬ ಅಳುಕಿತ್ತು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಂಗಾದ್ರೆ ಬೇಡ. ಬಾಟ್ಲಿ ಮುಚ್ಚಿಡಿ. ನನಗೆ ಗೊತ್ತಿರಲಿಲ್ಲ’ ಎಂದರು. ಬೆಂಗಳೂರಿನಲ್ಲಿ ಮೊಲ, ಹಕ್ಕಿ, ಆಮೆಗಳನ್ನು ನೋಡುವ ತಮ್ಮ ಸಹಪಾಠಿಯ ನಂಬರ್ ಕೊಟ್ಟರು. ಆ ವೈದ್ಯೆ ಫೋನಿನಲ್ಲೇ ಹೇಳಿದ್ದು: ಬೆಳಿಗ್ಗೆ ಕರೆತನ್ನಿ, ಆದರೆ ರಾತ್ರಿ ಹೊಟ್ಟೆ ಖಾಲಿ ಬಿಡಬೇಡಿ. ಗಿನಿಪಿಗ್ ಒಂದು ದಿನ ತಿನ್ನದಿದ್ದರೆ ಕರುಳು ನಿಂತುಹೋಗುತ್ತದೆ, ಆಮೇಲೆ ಯಾರೂ ಏನೂ ಮಾಡಲಾಗುವುದಿಲ್ಲ.

ಆ ರಾತ್ರಿ ಮೂರು ಗಂಟೆಗೊಮ್ಮೆ ಅದರ ಗುಳಿಗೆ ಆಹಾರವನ್ನು ಬಿಸಿನೀರಲ್ಲಿ ನೆನೆಸಿ, ಮಿಕ್ಸಿಗೆ ಹಾಕಿ, ಗಂಜಿ ಮಾಡಿ, ಬಾಯಿಯ ಪಕ್ಕದಿಂದ ಹನಿ ಹನಿಯಾಗಿ ಇಳಿಸಿದೆವು. ಅಮ್ಮ ಒಂದು ಸಲ ಎದ್ದು ಬಂದು, ‘ಒಂದು ಇಲಿಗೆ ಇಷ್ಟೊಂದು ಪರದಾಟವೇನೋ’ ಎಂದರು. ಎರಡನೇ ಸಲ ಎದ್ದು ಬಂದಾಗ ಟವೆಲ್ ಬೆಚ್ಚಗೆ ಮಾಡಿ ಕೊಟ್ಟರು.

ನಡುನಡುವೆ ನಿದ್ದೆ ಬಾರದೆ ಕೂತು ಓದಿದೆ. ಈ ಪ್ರಾಣಿ ಹಂದಿಯೂ ಅಲ್ಲ, ಗಿನಿ ದೇಶದ್ದೂ ಅಲ್ಲ. ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟಗಳ ಜನ ಸಾವಿರಾರು ವರ್ಷಗಳ ಹಿಂದೆ ಇದನ್ನು ಸಾಕತೊಡಗಿದರು. ನಮ್ಮಲ್ಲಿ ಕೋಳಿ ಇದ್ದಂತೆ ಅಲ್ಲಿ ಅಡುಗೆಮನೆಯ ನೆಲದ ಮೇಲೆ ಓಡಾಡಿಕೊಂಡಿರುತ್ತದೆ, ಹಬ್ಬಕ್ಕೆ ಊಟವಾಗುತ್ತದೆ. ಅಲ್ಲಿ ಇದರ ಹೆಸರು ‘ಕುಯ್’, ಅದರ ಕೂಗಿನಿಂದಲೇ ಬಂದದ್ದು ಎನ್ನುತ್ತಾರೆ. ಕಡ್ಲೆಯ ಕೂಗು ಕೇಳಿದವರಿಗೆ ಇದರಲ್ಲಿ ಅನುಮಾನ ಬರುವುದಿಲ್ಲ. ಆ ಸೀಮೆಯ ನಾಟಿವೈದ್ಯರು ಜೀವಂತ ಕುಯ್ ಅನ್ನು ರೋಗಿಯ ಮೈಮೇಲೆಲ್ಲ ಆಡಿಸಿ, ಆಮೇಲೆ ಅದನ್ನು ಸೀಳಿ, ಅದರ ಅಂಗಾಂಗ ನೋಡಿ ರೋಗಿಯ ಕಾಯಿಲೆ ಯಾವುದೆಂದು ಹೇಳುತ್ತಾರೆ. ಮನುಷ್ಯನ ನೋವನ್ನು ತನ್ನ ಮೈಯಲ್ಲಿ ತೋರಿಸುವ ಕೆಲಸ ಇದಕ್ಕೆ ಪ್ರಯೋಗಾಲಯಗಳು ಹುಟ್ಟುವ ಎಷ್ಟೋ ಮೊದಲೇ ಅಂಟಿಕೊಂಡಿತ್ತು.

ಹದಿನಾರನೇ ಶತಮಾನದಲ್ಲಿ ಹಡಗೇರಿ ಯುರೋಪಿಗೆ ಬಂದಾಗ ಅದು ಶ್ರೀಮಂತರ ಮನೆಯ ಮುದ್ದಿನ ಪ್ರಾಣಿ. ಪ್ರಯೋಗದ ಮೇಜಿಗೆ ಬಂದದ್ದು ಆಮೇಲೆ. 1782-83ರ ಚಳಿಗಾಲದಲ್ಲಿ ಪ್ಯಾರಿಸ್ಸಿನಲ್ಲಿ ಲವಾಸಿಯೇ ಮತ್ತು ಲಾಪ್ಲಾಸ್ ಒಂದು ಗಿನಿಪಿಗ್ಗನ್ನು ಮಂಜುಗಡ್ಡೆ ಸುತ್ತಿದ ಪಾತ್ರೆಯಲ್ಲಿ ಕೂರಿಸಿ, ಅದರ ಮೈಬಿಸಿಗೆ ಎಷ್ಟು ಮಂಜು ಕರಗಿತೆಂದು ಅಳೆದರು. ಉಸಿರಾಟ ಎಂಬುದು ನಿಧಾನವಾಗಿ ಉರಿಯುವ ಬೆಂಕಿ ಎಂಬ ತೀರ್ಮಾನ ಅಲ್ಲಿಂದ ಬಂತು. ಆ ಪ್ರಾಣಿಗೆ ಚಳಿಯಾಯಿತಷ್ಟೆ, ಜೀವ ಹೋಗಲಿಲ್ಲ. ನೂರು ವರ್ಷದ ನಂತರ ಅಷ್ಟು ಅದೃಷ್ಟ ಇರಲಿಲ್ಲ. 1882ರ ಮಾರ್ಚ್ 24ರಂದು ಬರ್ಲಿನ್ನಿನಲ್ಲಿ ರಾಬರ್ಟ್ ಕಾಖ್ ಕ್ಷಯದ ರೋಗಾಣು ಇದೇ ಎಂದು ಸಾಬೀತು ಮಾಡಿದ್ದು ಮುಖ್ಯವಾಗಿ ಗಿನಿಪಿಗ್‌ಗಳ ಮೇಲೆ. ಕ್ಷಯ ಅದಕ್ಕೆ ಬಹಳ ಸುಲಭವಾಗಿ ತಗಲುತ್ತದೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಡಿಫ್ತೀರಿಯಾದ ಅಧ್ಯಾಯ. ಗಂಟಲು ಕಟ್ಟಿ ಮಕ್ಕಳನ್ನು ಸಾಯಿಸುತ್ತಿದ್ದ ಆ ರೋಗಕ್ಕೆ ಪ್ರತಿವಿಷ ಸಿಕ್ಕ ಮೇಲೆ, ಯಾವ ಬಾಟಲಿಯಲ್ಲಿ ಎಷ್ಟು ಶಕ್ತಿ ಇದೆ ಎಂದು ಅಳೆಯುವುದು ದೊಡ್ಡ ತಲೆನೋವಾಗಿತ್ತು. 1897ರಲ್ಲಿ ಪಾಲ್ ಎರ್ಲಿಕ್ ಅದಕ್ಕೊಂದು ಅಳತೆ ಕೊಟ್ಟ. 250 ಗ್ರಾಂ ತೂಕದ ಗಿನಿಪಿಗ್ಗನ್ನು ನಾಲ್ಕು ದಿನದಲ್ಲಿ ಕೊಲ್ಲುವಷ್ಟು ವಿಷ ಎಷ್ಟೋ, ಅದೇ ಲೆಕ್ಕದ ಆಧಾರ. ಚಿನ್ನಕ್ಕೆ ಗುಲಗಂಜಿ ಇದ್ದಂತೆ ಜೀವ ಉಳಿಸುವ ಔಷಧಿಗೆ ಗಿನಿಪಿಗ್ ತೂಕದ ಬಟ್ಟಾಯಿತು. ಅಡುಗೆಮನೆಯ ತಕ್ಕಡಿ ಮೇಲೆ ಸ್ಟೀಲ್ ಬೋಸಿ ಇಟ್ಟು, ಅದರೊಳಗೆ ಕಡ್ಲೆಯನ್ನು ಕೂರಿಸಿ, ರಾತ್ರಿ ಎರಡು ಗಂಟೆಗೆ ನಾನು ನೋಡುತ್ತಿದ್ದ ಅಂಕಿಯೂ ಗ್ರಾಂಗಳಲ್ಲೇ ಇತ್ತು.

ಬೆಳಿಗ್ಗೆ ಎಪ್ಪತ್ತು ಕಿಲೋಮೀಟರ್ ದಾರಿ. ನೆಲಮಂಗಲದ ಟ್ರಾಫಿಕ್ಕಿನಲ್ಲಿ ನಿಂತಿದ್ದಾಗ ಮಗಳು ಕೇಳಿದಳು: ‘ನಮ್ಮೂರಲ್ಲಿ ಇಷ್ಟು ಜನ ಡಾಕ್ಟ್ರು ಇದ್ದಾರೆ, ಕಡ್ಲೆಗೆ ಯಾಕೆ ಒಬ್ರೂ ಇಲ್ಲ?’ ಅವಳಿಗೆ ಅರೆಬರೆ ಉತ್ತರ ಹೇಳಿದೆ, ಇಲ್ಲಿ ಸ್ವಲ್ಪ ಪೂರ್ತಿಯಾಗಿ ಹೇಳುತ್ತೇನೆ. ಆಧುನಿಕ ಪಶುವೈದ್ಯ ಶಾಸ್ತ್ರ ಹುಟ್ಟಿದ್ದು ಪ್ರಾಣಿಪ್ರೀತಿಯಿಂದಲ್ಲ, ಬೊಕ್ಕಸದ ಚಿಂತೆಯಿಂದ. 1761ರಲ್ಲಿ ಕ್ಲಾಡ್ ಬೂರ್ಜೆಲಾ ಫ್ರಾನ್ಸಿನ ಲಿಯಾನ್‌ನಲ್ಲಿ ಜಗತ್ತಿನ ಮೊದಲ ಪಶುವೈದ್ಯ ಶಾಲೆಗೆ ರಾಜನ ಅನುಮತಿ ಪಡೆದಾಗ ಕಣ್ಣ ಮುಂದಿದ್ದದ್ದು ದನಗಳನ್ನು ಹಿಂಡುಗಟ್ಟಲೆ ಬಲಿ ತೆಗೆದುಕೊಳ್ಳುತ್ತಿದ್ದ ದೊಡ್ಡರೋಗ. ಬೂರ್ಜೆಲಾ ಸ್ವತಃ ಕುದುರೆ ಸವಾರಿ ಕಲಿಸುವವನು. ನಮ್ಮಲ್ಲೂ ಹಾಗೆಯೇ. ಬ್ರಿಟಿಷರಿಗೆ ದಂಡಿನ ಕುದುರೆ ಬೇಕಿತ್ತು, ಉಳುವ ಎತ್ತು ಸತ್ತರೆ ಕಂದಾಯ ಬರುತ್ತಿರಲಿಲ್ಲ. ದೊಡ್ಡರೋಗದ ಬಗ್ಗೆ ಆಯೋಗದ ವರದಿ ಬಂದದ್ದು 1871ರಲ್ಲಿ. ಬಾಂಬೆಯಲ್ಲಿ ಪಶುವೈದ್ಯ ಕಾಲೇಜು ಶುರುವಾದದ್ದು 1886ರಲ್ಲಿ. ಮೂರು ವರ್ಷದ ನಂತರ ಪುಣೆಯಲ್ಲಿ ಆರಂಭವಾದ ರೋಗಾಣು ಪ್ರಯೋಗಾಲಯ 1893ರಲ್ಲಿ ಹಿಮಾಲಯದ ತಪ್ಪಲಿನ ಮುಕ್ತೇಶ್ವರಕ್ಕೆ ಹೋಯಿತು. ಬೆಂಗಳೂರಿನ ಹೆಬ್ಬಾಳದ ಕಾಲೇಜು 1958ರದ್ದು. ಹಾಲು, ಮಾಂಸ, ಮೊಟ್ಟೆ, ಉಳುಮೆ ಇವುಗಳ ಲೆಕ್ಕದಲ್ಲಿ ಬೆಳೆದ ವಿದ್ಯೆ. ಇದನ್ನು ದೂರಾಗಿ ಹೇಳುತ್ತಿಲ್ಲ; ಆ ವಿದ್ಯೆಯಿಂದಲೇ ದೊಡ್ಡರೋಗ ಭೂಮಿಯ ಮೇಲಿಂದ ಅಳಿಸಿಹೋಯಿತು ಎಂದು 2011ರಲ್ಲಿ ಘೋಷಿಸಲು ಸಾಧ್ಯವಾಯಿತು. ಆದರೆ ಆ ಲೆಕ್ಕದ ಪುಸ್ತಕದಲ್ಲಿ ಮುನ್ನೂರು ಗ್ರಾಂ, ಎಂಟುನೂರು ಗ್ರಾಂ ತೂಗುವ, ಯಾರಿಗೂ ಹಾಲು ಕೊಡದ ಜೀವಕ್ಕೆ ಕಾಲಂ ಇರಲಿಲ್ಲ. ಇದ್ದದ್ದು ಲ್ಯಾಬಿನ ಸಾಮಾನುಗಳ ಪಟ್ಟಿಯಲ್ಲಿ.

ಬೆಂಗಳೂರಿನ ವೈದ್ಯೆ ಕಡ್ಲೆಯ ಹಿಂಗಾಲಿನ ಕೀಲನ್ನು ಬೆರಳಿಂದ ಮೆಲ್ಲಗೆ ಒತ್ತಿದರು. ಹಿಂದಿನ ಸಂಜೆಯಿಂದ ಒಂದು ಸದ್ದೂ ಮಾಡದಿದ್ದ ಪ್ರಾಣಿ ಚೀರಿತು. ತುಟಿ ಸರಿಸಿ ವಸಡು ನೋಡಿದರು. ಆಮೇಲೆ ಪ್ರಶ್ನೆಗಳು. ಏನು ತಿನ್ನಿಸುತ್ತೀರಿ? ಒಣಹುಲ್ಲು, ಸೌತೆಕಾಯಿ, ಕ್ಯಾರೆಟ್, ಅಂಗಡಿಯಿಂದ ತಂದ ಗುಳಿಗೆ ಆಹಾರ. ಆ ಗುಳಿಗೆಯ ಚೀಲ ಯಾವಾಗ ತಂದದ್ದು? ಯುಗಾದಿಗೆ, ದೊಡ್ಡ ಚೀಲ ಅಗ್ಗವೆಂದು. ‘ಏಳು ತಿಂಗಳಾಯ್ತಲ್ಲ ಸಾರ್. ಅದರಲ್ಲಿದ್ದ ವಿಟಮಿನ್ ಸಿ ಯಾವಾಗಲೋ ಹಾರಿಹೋಗಿರುತ್ತೆ’ ಎಂದರು. ಕಡ್ಲೆಗೆ ಬಂದದ್ದು ಸ್ಕರ್ವಿ. ಹಿಂದಿನ ಕಾಲದ ನಾವಿಕರಿಗೆ ಬರುತ್ತಿದ್ದ ಅದೇ ಕಾಯಿಲೆ.

ನನಗೆ ಕುರ್ಚಿ ಬೇಕೆನಿಸಿತು. ಏಕೆಂದರೆ ಈ ಕಥೆಯೂ ನನಗೆ ಗೊತ್ತಿತ್ತು. 1907ರಲ್ಲಿ ನಾರ್ವೆಯ ಆಕ್ಸೆಲ್ ಹೋಲ್ಸ್ಟ್ ಮತ್ತು ಥಿಯೊಡೋರ್ ಫ್ರೋಲಿಕ್ ತಮ್ಮ ದೇಶದ ಹಡಗಿನ ಕೆಲಸಗಾರರ ಒಂದು ಕಾಯಿಲೆಯ ಬೆನ್ನು ಹತ್ತಿ, ಗಿನಿಪಿಗ್‌ಗಳಿಗೆ ಬರೀ ಧಾನ್ಯ, ಬ್ರೆಡ್ಡು ಹಾಕಿ ನೋಡಿದರು. ಅವು ವಸಡು ಊದಿಕೊಂಡು, ಕೀಲು ನೊಂದು, ಮೂಳೆ ಸವೆದು ಸತ್ತವು. ಎಲೆಕೋಸು, ನಿಂಬೆರಸ ಕೊಟ್ಟವು ಉಳಿದವು. ಇಲಿ, ನಾಯಿ, ದನಗಳ ಮೈ ವಿಟಮಿನ್ ಸಿಯನ್ನು ತಾನೇ ತಯಾರಿಸಿಕೊಳ್ಳುತ್ತದೆ. ನಮ್ಮ ಹಾಗೆ ಅದನ್ನು ಹೊರಗಿನಿಂದ ತಿಂದೇ ಪಡೆಯಬೇಕಾದ ಕೆಲವೇ ಪ್ರಾಣಿಗಳಲ್ಲಿ ಇದೊಂದು. ಆ ಹೋಲಿಕೆಯೇ ಅದಕ್ಕೆ ಮುಳುವಾಯಿತು. ಹಂಗೇರಿಯ ಸೆಗೆಡ್ ನಗರದಲ್ಲಿ ಆಲ್ಬರ್ಟ್ ಸೆಂಟ್-ಗ್ಯೋರ್ಗಿ ತನ್ನಲ್ಲಿದ್ದ ವಸ್ತುವೇ ವಿಟಮಿನ್ ಸಿ ಎಂದು 1930ರ ದಶಕದ ಮೊದಲ ವರ್ಷಗಳಲ್ಲಿ ತೋರಿಸಿದ್ದೂ ಗಿನಿಪಿಗ್‌ಗಳ ಮೇಲೆಯೇ. ಆಮೇಲೆ ಅದನ್ನು ಆತ ರಾಶಿಗಟ್ಟಲೆ ತೆಗೆದದ್ದು ಆ ಊರಿನ ಮೆಣಸಿನಕಾಯಿಯಿಂದ. 1937ರಲ್ಲಿ ನೊಬೆಲ್ ಬಂತು.

ಗಿನಿಪಿಗ್ಗಿನ ಕಾಯಿಲೆಗಳ ಬಗ್ಗೆ ಬರೆದದ್ದು ಕಮ್ಮಿಯೇನಲ್ಲ. ಯಾವ ಆಹಾರ ತಪ್ಪಿಸಿದರೆ ಎಷ್ಟು ದಿನಕ್ಕೆ ಕೀಲು ಊದುತ್ತದೆ, ಎಷ್ಟು ವಿಷಕ್ಕೆ ಎಷ್ಟನೇ ದಿನ ಸಾಯುತ್ತದೆ ಎಂದು ನೂರಕ್ಕೂ ಹೆಚ್ಚು ವರ್ಷಗಳಿಂದ ಪುಟಗಟ್ಟಲೆ ಬರೆದಿಟ್ಟಿದ್ದಾರೆ. ಆ ಪುಟಗಳನ್ನು ಓದಿದ್ದ ಮೇಷ್ಟ್ರು ಯುಗಾದಿಯಿಂದ ಕಾರ್ತಿಕದವರೆಗೆ ತನ್ನ ಮನೆಯಲ್ಲೇ, ಗೊತ್ತಿಲ್ಲದೆ, 1907ರ ಪ್ರಯೋಗವನ್ನು ನಡೆಸಿದ್ದ. ಇಲಿಗಳ ಕಥೆ ನೆನಪಾದದ್ದಕ್ಕೆ ದಾರಿಯುದ್ದಕ್ಕೂ ಒಳಗೊಳಗೇ ಬೀಗುತ್ತಿದ್ದೆ. ಅದು ಅಲ್ಲಿಗೆ ಇಳಿಯಿತು.

ವಿಟಮಿನ್ ಸಿ ಇಂಜೆಕ್ಷನ್, ಮನೆಗೆ ಹನಿಗಳು, ನೋವಿಗೊಂದು ಔಷಧಿ. ದಿನಾ ದೊಣ್ಣೆಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು, ಒಂದು ಚೂರು ಸೀಬೆಹಣ್ಣು. ಸೋಂಕು ಬಂದರೆ ಕೊಡಬಹುದಾದ ಆಂಟಿಬಯೋಟಿಕ್‌ಗಳೂ ಇವೆ ಎಂದು ಹೇಳಿ, ಅವುಗಳನ್ನು, ಎಂದೂ ಕೊಡಬಾರದ್ದನ್ನು ಬೇರೆ ಬೇರೆ ಸಾಲಿನಲ್ಲಿ ಒಂದೇ ಚೀಟಿಯಲ್ಲಿ ಬರೆದುಕೊಟ್ಟರು. ಹತ್ತು ದಿನ ಸಿರಿಂಜಿನ ಊಟ ನಡೆಯಿತು. ಮೊದಲ ನಾಲ್ಕು ದಿನ ತೂಕ ಇಳಿಯುತ್ತಲೇ ಹೋಗಿ 655ಕ್ಕೆ ಬಂತು. ಮಗಳು ಶಾಲೆಗೆ ಹೋಗಲೊಲ್ಲೆ ಎಂದು ಹಟ ಮಾಡಿದಳು. ಐದನೇ ದಿನ 660. ಎಂಟನೇ ದಿನ ಅಮ್ಮ ಪಲ್ಯಕ್ಕೆ ದೊಣ್ಣೆಮೆಣಸಿನಕಾಯಿ ಹೆಚ್ಚುತ್ತಿದ್ದಾಗ ಹಾಲ್‌ನಿಂದ ಕುಯ್ ಎಂದು ಕೇಳಿತು. ‘ನಿನ್ನ ಇಲಿ ಕರೀತಿದೆ ನೋಡೋ’ ಎಂದು ಅಮ್ಮ ನನ್ನನ್ನು ಕೂಗಿದರು. ನಾನು ಹೋಗುವಷ್ಟರಲ್ಲಿ ಅವರೇ ಒಂದು ಹೋಳು ಕೊಟ್ಟಾಗಿತ್ತು.

ಈ ಫೆಬ್ರವರಿಯಲ್ಲಿ ನಮ್ಮೂರಿನ ಡಾಕ್ಟರ ಫೋನ್ ಬಂತು. ಹಿಂದೆ ಮೇಕೆಯ ಕೂಗು ಕೇಳುತ್ತಿತ್ತು. ‘ಮೇಷ್ಟ್ರೇ, ಇಲ್ಲೊಂದು ಮನೆಯವರು ಕಡ್ಲೆ ಥರದ್ದನ್ನೇ ತಂದಿದ್ದಾರೆ. ಕೊಡಬಾರದ್ದು ನನಗೀಗ ಗೊತ್ತು. ಕೊಡಬಹುದಾದ್ದನ್ನ ನಮ್ಮ ಮೇಡಂ ಬರೆದುಕೊಟ್ಟಿದ್ದರಲ್ಲ, ಆ ಚೀಟಿ ಇದ್ದರೆ ಫೋಟೊ ಕಳಿಸಿ. ಅವರ ಫೋನ್ ಸಿಗ್ತಿಲ್ಲ’ ಎಂದರು. ಚೀಟಿ ಫ್ರಿಜ್ಜಿನ ಬಾಗಿಲಿಗೇ ಅಂಟಿಸಿತ್ತು. ಫೋಟೊ ಕಳಿಸಿ, ಏನು ತಿನ್ನಿಸುತ್ತಾರೆ ಕೇಳಿ, ತೂಕ ಹಾಕಿ ಎಂದೆ.

‘ಹಾಕಿದೆ, 540. ತಿನ್ಸೋದು ಬರೀ ಸೌತೆಕಾಯಂತೆ’ ಎಂದು ಫೋನ್ ಇಟ್ಟರು.