ಕಂಬಳಿ ಕೊಪ್ಪೆಯಿಂದ ಮಂಕಿ ಕ್ಯಾಪಿನವರೆಗೆ

ಹೈದರಾಬಾದಿನ ಚಳಿಯನ್ನು ದೆಹಲಿಯವರು ಚಳಿಯೆಂದೇ ಒಪ್ಪುವುದಿಲ್ಲ. ಆದರೂ 1946ರ ಜನವರಿ 8ರಂದು ಈ ನಗರದ ಉಷ್ಣತೆ 6.1 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಿತ್ತೆಂಬುದು ದಾಖಲೆಯಲ್ಲಿದೆ. ಅಷ್ಟು ಇಳಿಯದ ವರ್ಷಗಳಲ್ಲೂ ಪುಷ್ಯಮಾಸದ ಬೆಳಗ್ಗೆ ಸೈಕಲ್ ಹತ್ತಿದವನಿಗೆ ಕಿವಿ ಮತ್ತು ಕಾಲ್ಬೆರಳು ಎಲ್ಲಿವೆಯೆಂದು ಚೆನ್ನಾಗಿ ತಿಳಿಯುತ್ತದೆ. ಈ ಎರಡನ್ನು ಬೆಚ್ಚಗಿಡಲು ಮನುಷ್ಯ ಮಾಡಿದ ಯತ್ನಗಳಿಗೆ ಒಂದು ಚರಿತ್ರೆಯೇ ಇದೆ.

ನಮ್ಮ ದಖ್ಖನ್ ಪ್ರಸ್ಥಭೂಮಿಯ ಉತ್ತರ ಕಂಬಳಿ. ಕುರುಬರು ದಖ್ಖನಿ ಕುರಿಯ ಒರಟು ಉಣ್ಣೆಯಿಂದ ನೇಯ್ದು, ಹುಣಸೆ ಬೀಜದ ಗಂಜಿ ಹಾಕಿ ಬಿಗಿಗೊಳಿಸಿದ ಕರಿಕಂಬಳಿಯನ್ನು ಮಡಚಿ ತಲೆಯ ಮೇಲೆ ಕೊಪ್ಪೆ ಹಾಕಿಕೊಂಡರೆ, ನೆತ್ತಿ, ಕಿವಿ, ಬೆನ್ನು ಒಟ್ಟಿಗೆ ಗಾಳಿಯಿಂದ ಮರೆಯಾಗುತ್ತವೆ. ಬೀದರ್ ಕಡೆಯಿಂದ ಇಲ್ಲಿಗೆ ಬಂದ ನಮ್ಮವರಿಗೆ ಇದನ್ನು ವಿವರಿಸಬೇಕಾಗಿಲ್ಲ. ತೆಲಂಗಾಣದ ಕುರುಮರು ಇದನ್ನೇ ಗೊಂಗಡಿ ಎನ್ನುತ್ತಾರೆ. ಆದರೆ ಕೊಪ್ಪೆ ನಡೆಯುವವನ ಉಡುಪು. ಎರಡು ಕೈಯೂ ಹ್ಯಾಂಡಲಿನ ಮೇಲಿರಬೇಕಾದ ಸೈಕಲ್ ಸವಾರನಿಗೆ ಅದು ಆಗಿಬರಲಿಲ್ಲ. ಗಾಳಿಗೆ ಹಾರುವುದು, ಇಲ್ಲವೇ ಚಕ್ರಕ್ಕೆ ಸಿಗುವುದು.

ಅವನಿಗೆ ಒದಗಿಬಂದ ಮಂಕಿ ಕ್ಯಾಪಿನ ಹುಟ್ಟು ಬಲು ದೂರದ್ದು. ರಷ್ಯದ ವಿರುದ್ಧ ನಡೆದ ಕ್ರಿಮಿಯಾ ಯುದ್ಧದಲ್ಲಿ, 1854ರ ಅಕ್ಟೋಬರ್ 25ರಂದು ಬಾಲಕ್ಲಾವ ಎಂಬಲ್ಲಿ ಕದನವಾಯಿತು. ಮುಂದಿನ ತಿಂಗಳು 14ರ ಬಿರುಗಾಳಿಯಲ್ಲಿ ಬ್ರಿಟಿಷ್ ಸೈನ್ಯದ ಚಳಿಯುಡುಪುಗಳನ್ನು ಹೊತ್ತ ‘ಪ್ರಿನ್ಸ್’ ಹಡಗು ಮುಳುಗಿತು. ಚಳಿಗೆ ಸಿಕ್ಕಿದ ಸೈನಿಕರಿಗೆ ಇಂಗ್ಲೆಂಡಿನ ಹೆಂಗಸರು ಉಣ್ಣೆಯ ಟೋಪಿಗಳನ್ನು ಹೆಣೆದು ಕಳಿಸಿದರು. ಆ ಬಗೆಯ ಟೋಪಿಗೆ ಆಮೇಲೆ ಬಾಲಕ್ಲಾವ ಎಂಬ ಹೆಸರೇ ನಿಂತಿತು. ಮುಖ ಮಾತ್ರ ಕಾಣುವ ಅದನ್ನು ಕಂಡು ನಾವು ಮಂಕಿ ಕ್ಯಾಪ್ ಎಂದೆವು.

ಸ್ವಾತಂತ್ರ್ಯಾನಂತರ ಸೈಕಲ್ಲು ಗುಮಾಸ್ತನ ವಾಹನವಾದಾಗ ಲೂಧಿಯಾನ ನಗರವು ಎರಡು ರೀತಿಯಲ್ಲಿ ಅವನ ನೆರವಿಗೆ ಬಂದಿತು. ಅಲ್ಲಿ 1956ರಲ್ಲಿ ಹೀರೋ ಸೈಕಲ್ಸ್ ಆರಂಭವಾಯಿತು. ಉಣ್ಣೆಯ ಹೆಣಿಗೆಗಂತೂ ಆ ಊರು ಮೊದಲೇ ಹೆಸರಾಗಿತ್ತು. 1960ರ ದಶಕದಲ್ಲಿ ಬೈಲಕುಪ್ಪೆ, ಮುಂಡಗೋಡುಗಳಲ್ಲಿ ನೆಲೆ ಕಂಡ ಟಿಬೆಟನ್ನರಲ್ಲಿ ಅನೇಕರು ಚಳಿಗಾಲದ ಸ್ವೆಟರ್ ವ್ಯಾಪಾರವನ್ನು ಜೀವನೋಪಾಯ ಮಾಡಿಕೊಂಡರು. ಹೈದರಾಬಾದಿನಲ್ಲಿಯೂ ಟಿಬೆಟನ್ನರ ಅಂಗಡಿಗಳು ಚಳಿಗಾಲದ ಗುರುತಾದವು.

ಇನ್ನು ವಿಜ್ಞಾನದ ಮಾತು. ಸೈಕಲ್ ಸವಾರ ತನ್ನ ಗಾಳಿಯನ್ನು ತಾನೇ ಹುಟ್ಟಿಸಿಕೊಳ್ಳುತ್ತಾನೆ. ಪಾಲ್ ಸೈಪಲ್ ಮತ್ತು ಚಾರ್ಲ್ಸ್ ಪಾಸೆಲ್ ಎಂಬ ಅಮೆರಿಕನ್ನರು ಅಂಟಾರ್ಕ್ಟಿಕದಲ್ಲಿ ನೀರು ಹೆಪ್ಪುಗಟ್ಟುವ ವೇಗವನ್ನು ಅಳೆದು, ಗಾಳಿಯಿಂದ ಚಳಿ ಎಷ್ಟು ಹೆಚ್ಚುತ್ತದೆಂಬುದನ್ನು 1945ರಲ್ಲಿ ಪ್ರಕಟಿಸಿದರು. 2001ರಲ್ಲಿ ತಿದ್ದಿದ ಸೂತ್ರದಂತೆ, 10 ಡಿಗ್ರಿಯಲ್ಲಿ ಗಂಟೆಗೆ 20 ಕಿಲೋಮೀಟರ್ ಗಾಳಿ ಬಡಿದರೆ ಚರ್ಮಕ್ಕೆ ಸುಮಾರು 7 ಡಿಗ್ರಿಯ ಚಳಿಯಂತೆ ತೋರುತ್ತದೆ.

ದೇಹದ ಶಾಖದ 40–45 ಭಾಗ ತಲೆಯಿಂದಲೇ ಹೋಗುತ್ತದೆಂದು 1970ರ ಅಮೆರಿಕನ್ ಸೈನ್ಯದ ಕೈಪಿಡಿಯೊಂದು ಹೇಳಿತ್ತು. ಇದು ನಿಜವಲ್ಲವೆಂದು 2008ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇಬ್ಬರು ವೈದ್ಯರು ಬರೆದರು. ತಲೆಯ ಪಾಲು ಅದರ ವಿಸ್ತೀರ್ಣಕ್ಕೆ ತಕ್ಕಷ್ಟು, ಶೇಕಡ 10ರ ಆಸುಪಾಸು. ಆದರೆ ಮುಖ, ಕಿವಿಗಳಿಗೆ ಚಳಿಯ ಅರಿವು ಹೆಚ್ಚು. ಆದುದರಿಂದ ತಲೆ ಮುಚ್ಚಿದರೆ ಹಿತವೆನಿಸುವುದು ಸುಳ್ಳಲ್ಲ.

ಪಾದದ ಪಾಠ ಕಲಿಸಿದ್ದು ಮೊದಲ ಮಹಾಯುದ್ಧ. ನೀರು ನಿಂತ ಕಂದಕಗಳಲ್ಲಿ ಬಿಗಿ ಬೂಟು ತೊಟ್ಟು ನಿಂತ ಸಾವಿರಾರು ಸೈನಿಕರ ಪಾದಗಳು ಕೆಟ್ಟವು. ದಿನವೂ ಪಾದ ಒರೆಸಿ ಒಣಗಿದ ಕಾಲುಚೀಲ ಹಾಕಿಕೊಳ್ಳಬೇಕೆಂಬ ಆಜ್ಞೆಯಾದ ಮೇಲೆ ಆ ರೋಗ ಇಳಿಯಿತು. ಚಳಿ ತಾಕಿದೊಡನೆ ದೇಹವು ಒಳಗಿನ ಅಂಗಗಳನ್ನು ಕಾಪಾಡಲು ಕಾಲಿನ ರಕ್ತನಾಳಗಳನ್ನು ಕಿರಿದುಗೊಳಿಸುತ್ತದೆ. ಅದರ ಮೇಲೆ ಬೂಟೂ ಬಿಗಿಯಾದರೆ ರಕ್ತ ಹರಿಯುವುದೆಂತು? ಇಕ್ಕಟ್ಟಾದ ಬೂಟಿನೊಳಗೆ ಎರಡು ಜೊತೆ ಕಾಲುಚೀಲ ತುರುಕುವವರು ಇದನ್ನು ಗಮನಿಸಬೇಕು. ಬೆರಳು ಆಡುವಷ್ಟು ಜಾಗವಿರುವ ಬೂಟಿನೊಳಗೆ ಒಂದೇ ಜೊತೆ ಉಣ್ಣೆಯ ಚೀಲ ಮೇಲು.

2023ರ ಅಕ್ಟೋಬರಿನಲ್ಲಿ ಇಲ್ಲಿನ ಹೊರವರ್ತುಲ ರಸ್ತೆಯ ಪಕ್ಕದಲ್ಲಿ ಸೌರಫಲಕಗಳ ಚಾವಣಿಯ 23 ಕಿಲೋಮೀಟರ್ ಸೈಕಲ್ ಹಾದಿ ತೆರೆಯಿತು. ಅಲ್ಲಿಗೆ ಹೋಗಬೇಕಾದರೂ ಲಾರಿ, ಬಸ್ಸುಗಳ ರಸ್ತೆಯನ್ನು ದಾಟಲೇಬೇಕು. ದಪ್ಪ ಮಂಕಿ ಕ್ಯಾಪು ಕಿವಿಯನ್ನು ಬೆಚ್ಚಗಿಡುವುದರ ಜೊತೆಗೆ ಹಿಂದಿನ ಹಾರನ್ನನ್ನೂ ಮಂದ ಮಾಡುತ್ತದೆ. ಅದರ ಮೇಲೆ ಹೆಲ್ಮೆಟ್ ಸರಿಯಾಗಿ ಕೂರುವುದೂ ಇಲ್ಲ. ಬೆಳಗಿನ ಮಬ್ಬಿನಲ್ಲಿ ಚಳಿಗಿಂತ ಇದೇ ದೊಡ್ಡ ಅಪಾಯ. ಆದುದರಿಂದ ಸಂಘದ ಸೈಕಲ್ ಪ್ರಿಯರು, ಅದರಲ್ಲೂ ನಿವೃತ್ತರಾದ ಹಿರಿಯರು, ಹೆಲ್ಮೆಟ್ಟಿನೊಳಗೆ ಕಿವಿ ಮುಚ್ಚುವ ತೆಳುವಾದ ಉಣ್ಣೆಯ ಟೋಪಿ ಧರಿಸಿ, ಮೊದಲ ಹತ್ತು ನಿಮಿಷ ನಿಧಾನವಾಗಿ ತುಳಿಯಲಿ. ಚೀಲದಲ್ಲಿ ಇನ್ನೊಂದು ಜೊತೆ ಒಣ ಕಾಲುಚೀಲವೂ ಇರಲಿ.