ಬೆಂಕಿಪುರದ ಕುಲುಮೆ ಮತ್ತು ಅದರ ಒಡೆತನ

ಹಿಂದೆ ಬೆಂಕಿಪುರವೆಂದು ಕರೆಯುತ್ತಿದ್ದ ಭದ್ರಾವತಿಯಲ್ಲಿ ಮೈಸೂರು ಸಂಸ್ಥಾನ ಸ್ಥಾಪಿಸಿದ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿತು. ಅದಿರು ಕೆಮ್ಮಣ್ಣುಗುಂಡಿಯಿಂದ ಬರುತ್ತಿತ್ತು. ಕಲ್ಲಿದ್ದಲು ಸಿಗದ ಸೀಮೆಯಾದ್ದರಿಂದ ಮಲೆನಾಡಿನ ಸೌದೆಯನ್ನು ಗಾಳಿಯಾಡದ ಭಾಂಡಗಳಲ್ಲಿ ಕಾಯಿಸಿ ಇದ್ದಿಲು ಮಾಡಿ ಊದುಕುಲುಮೆಗೆ ಸುರಿಯುತ್ತಿದ್ದರು, ಏಳುವ ಹೊಗೆಯನ್ನೂ ಬಿಡದೆ ತಣಿಸಿ ಟಾರು, ಮದ್ಯಸಾರಗಳನ್ನು ತೆಗೆಯುತ್ತಿದ್ದರು.

ಮೊದಲ ಮಹಾಯುದ್ಧದ ನಂತರ ಕಬ್ಬಿಣದ ಬೆಲೆ ಕುಸಿದು ಕಾರ್ಖಾನೆ ನಷ್ಟಕ್ಕೆ ಸಿಲುಕಿದಾಗ, ದಿವಾನಗಿರಿ ಬಿಟ್ಟು ಹಲವು ವರ್ಷಗಳಾಗಿದ್ದ ವಿಶ್ವೇಶ್ವರಯ್ಯನವರು 1923ರಲ್ಲಿ ಅದರ ಆಡಳಿತ ಮಂಡಳಿಯ ಅಧ್ಯಕ್ಷರಾದರು. ಒಡೆತನ ಸರ್ಕಾರದ್ದೇ ಆಗಿ, ಖರೀದಿ, ಮಾರಾಟ, ನೇಮಕಗಳ ನಿತ್ಯದ ನಿರ್ಧಾರ ಮಂಡಳಿಯ ಕೈಯಲ್ಲಿರುವ ಈ ಏರ್ಪಾಟನ್ನೇ ಅರೆಸ್ವಾಯತ್ತ ಆಡಳಿತ ಎನ್ನುತ್ತಾರೆ. ಕಾರ್ಖಾನೆ ಉಳಿದದ್ದು ಇದರಿಂದಲೇ ಎನ್ನಲು ಅಡ್ಡಿಯಿಲ್ಲ. 1936ರಲ್ಲಿ ಉಕ್ಕು, 1938ರಲ್ಲಿ ಸಿಮೆಂಟು ಇಲ್ಲಿ ತಯಾರಾಗತೊಡಗಿದವು.

1962ರಲ್ಲಿ ಕಾರ್ಖಾನೆ ರಾಜ್ಯ ಮತ್ತು ಕೇಂದ್ರ ಸರ್ಕಾರಗಳೆರಡೂ ಷೇರು ಹೊಂದಿದ ಕಂಪನಿಯಾಯಿತು, ಮುಂದೆ ವಿಶ್ವೇಶ್ವರಯ್ಯನವರ ಹೆಸರನ್ನು ಪಡೆಯಿತು. 1989ರಲ್ಲಿ ಅದು ಭಾರತೀಯ ಉಕ್ಕು ಪ್ರಾಧಿಕಾರದ, ಅಂದರೆ ಸೈಲ್‌ನ, ಅಧೀನ ಕಂಪನಿಯಾಯಿತು. ಅಧೀನ ಕಂಪನಿಗೆ ಒಡೆಯ ಬೇರೆಯಾದರೂ ನಿರ್ದೇಶಕ ಮಂಡಳಿ ತನ್ನದೇ ಇರುತ್ತದೆ. 1998ರ ವಿಲೀನ ಅದನ್ನೂ ಕಳೆದು, ಭದ್ರಾವತಿಯನ್ನು ಸೈಲ್‌ನ ಹಲವು ಘಟಕಗಳಲ್ಲೊಂದಾಗಿಸಿತು. ಖಾಸಗೀಕರಣದ ಚರ್ಚೆಗಳಲ್ಲಿ ಈ ವಿಲೀನದ ಮಾತು ಬರುವುದು ಕಡಿಮೆ, ಆದರೆ ಊರಿನ ಪಾಲಿಗೆ ನಿರ್ಣಾಯಕವಾದದ್ದು ಅದೇ: ಕಾರ್ಖಾನೆಯ ಪರವಾಗಿ ವಾದಿಸಬಲ್ಲ ಮಂಡಳಿಯೇ ಇಲ್ಲವಾಯಿತು.

ಸ್ವಂತ ಅದಿರಿನ ಗಣಿಯಿಲ್ಲದೆ ನಷ್ಟ ಬೆಳೆದಂತೆ, ಕೇಂದ್ರ ಸಂಪುಟ 2016ರಲ್ಲಿ ಘಟಕವನ್ನು ಆಡಳಿತದ ಹಿಡಿತದೊಡನೆ ಖಾಸಗಿಯವರಿಗೆ ಒಪ್ಪಿಸುವ ಕ್ರಮಕ್ಕೆ, ಅಂದರೆ ವ್ಯೂಹಾತ್ಮಕ ಬಂಡವಾಳ ಹಿಂತೆಗೆತಕ್ಕೆ, ತಾತ್ವಿಕ ಒಪ್ಪಿಗೆ ನೀಡಿತು. 2019ರಲ್ಲಿ ಖರೀದಿದಾರರಿಂದ ಆಸಕ್ತಿಪತ್ರ ಕರೆಯಲಾಯಿತು. ಸಾಕಷ್ಟು ಆಸಕ್ತಿ ಕಾಣದೆ 2022ರಲ್ಲಿ ಮಾರಾಟ ರದ್ದಾಯಿತು. ಇದೇ ಊರಿನ ಮೈಸೂರು ಪೇಪರ್ ಮಿಲ್ಸ್, 1936ರಲ್ಲಿ ಸ್ಥಾಪನೆಯಾಗಿ 1977ರಲ್ಲಿ ಸರ್ಕಾರಿ ಕಂಪನಿಯಾಗಿದ್ದ ಕಾಗದದ ಕಾರ್ಖಾನೆ, ಅಷ್ಟರಲ್ಲಾಗಲೇ ಉತ್ಪಾದನೆ ನಿಲ್ಲಿಸಿತ್ತು.

2023ರ ಜನವರಿಯಲ್ಲಿ, ಉತ್ಪಾದನೆ ಆರಂಭವಾಗಿ ನೂರು ವರ್ಷ ತುಂಬಿದ ಹೊತ್ತಿಗೇ, ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ ಹೊರಬಿತ್ತು. ಗುತ್ತಿಗೆ ಕಾರ್ಮಿಕರು ಧರಣಿ ಕುಳಿತರು, ಊರು ಅವರ ಬೆನ್ನಿಗೆ ನಿಂತಿತು. ಆಗಸ್ಟ್‌ನಲ್ಲಿ ಕೆಲಸ ಮರಳಿ ಆರಂಭವಾಯಿತು. ಚಾಲನೆ ಪಡೆದದ್ದು ಉಕ್ಕನ್ನು ಉರುಳೆಗಳ ನಡುವೆ ಒತ್ತಿ ಸರಳಾಗಿಸುವ ಬಾರ್ ಮಿಲ್, ಅದಿರು ಕರಗಿಸುವ ಕುಲುಮೆಯಲ್ಲ.